ಮಗು ಒಂಟಿಯಾಗಿ ವಿಮಾನ ಹತ್ತಿದರೆ ಹೊಣೆ ಯಾರದು?



ಈ ಸಲದ ಅಂಚೆಯಲ್ಲಿ ಬಂದ ಕಾಗದಗಳಲ್ಲಿ ಒಂದನ್ನು ಬೇರೆಯಾಗಿ ತೆಗೆದಿಟ್ಟುಕೊಂಡೆ. ಕುಂದಾಪುರದ ಕಡೆಯ ಹಿರಿಯ ಸೋದರಿಯೊಬ್ಬರು ಬರೆದದ್ದು. ಅವರ ಮಗಳು, ಅಳಿಯ ದುಬೈಯಲ್ಲಿದ್ದಾರೆ. ಮೊಮ್ಮಗನಿಗೆ ಎಂಟು ವರ್ಷ. ಜುಲೈಯಲ್ಲಿ ಅಲ್ಲಿಯ ಶಾಲೆಗಳಿಗೆ ರಜ. ಮಗಳು ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ, ಅಳಿಯನಿಗೂ ರಜ ಸಿಕ್ಕುವುದಿಲ್ಲ. ಹುಡುಗನನ್ನು ಹಗಲೆಲ್ಲಾ ಬಾಗಿಲು ಹಾಕಿದ ಮನೆಯಲ್ಲಿ ಬಿಡುವುದಕ್ಕಿಂತ ಒಬ್ಬನನ್ನೇ ಮಂಗಳೂರಿನ ವಿಮಾನ ಹತ್ತಿಸಿ ಕಳಿಸುವುದೆಂದು ಇಬ್ಬರೂ ಯೋಚಿಸಿದ್ದಾರೆ. "ದುಡ್ಡು ಕಟ್ಟಿದರೆ ಕಂಪೆನಿಯವರೇ ಎಲ್ಲಾ ನೋಡ್ಕೋತಾರೆ ಅತ್ತೆ, ನೀವು ನಿಲ್ದಾಣಕ್ಕೆ ಬಂದು ಕರ್ಕೊಂಡು ಹೋದ್ರೆ ಆಯ್ತು" ಅಂತ ಅಳಿಯ ಧೈರ್ಯ ಹೇಳಿದ್ದಾರಂತೆ. ಈ ತಾಯಿ ನನ್ನನ್ನು ಕೇಳುತ್ತಾರೆ: "ಎಲ್ಲಾ ಅಂದ್ರೆ ಏನೆಲ್ಲಾ? ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಉತ್ತರ ಕೊಡ್ತಾರೆ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ! ಬಸ್ಸಿನಲ್ಲಿ ಮಕ್ಕಳನ್ನು ಕಳಿಸುವುದು ನಮಗೆ ಹೊಸದಲ್ಲ. ಕಂಡಕ್ಟರಿಗೆ "ಸ್ವಲ್ಪ ನೋಡ್ಕೊಳ್ಳಿ, ಸ್ಟಾಂಡಿನಲ್ಲಿ ಅಜ್ಜ ಬಂದಿರ್ತಾರೆ" ಎಂದು ಹೇಳಿ ಕೂರಿಸಿದರೆ ಮಗು ಊರು ಸೇರುತ್ತಿತ್ತು. ಕಂಡಕ್ಟರ್ ನಮಗೆ ಪರಿಚಯ, ಅಜ್ಜ ಅವನಿಗೆ ಪರಿಚಯ. ವಿಮಾನದಲ್ಲಿ ಯಾರಿಗೂ ಯಾರ ಪರಿಚಯವೂ ಇಲ್ಲ. ಅಲ್ಲಿ ಮುಖದ ಜಾಗದಲ್ಲಿ ಕಾಗದ ಕೆಲಸ ಮಾಡುತ್ತದೆ. ಈಗ ಕಲಬುರಗಿಗೆ 2019ರಿಂದ, ಶಿವಮೊಗ್ಗಕ್ಕೆ 2023ರಿಂದ ವಿಮಾನ ಬರುತ್ತಿದೆ. ಹುಬ್ಬಳ್ಳಿ, ಬೆಳಗಾವಿಗಳಿಗಂತೂ ಅದಕ್ಕೂ ಮೊದಲಿನಿಂದಲೇ ಇದೆ. ರಜದಲ್ಲಿ ಮೊಮ್ಮಕ್ಕಳು ಆಕಾಶದಿಂದಿಳಿದು ಬರುವ ಕಾಲ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಆದ್ದರಿಂದ ಈ ವಿಷಯ ಎಲ್ಲರೂ ತಿಳಿದಿರಲಿ ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ ಇಷ್ಟು: ಕಂಪೆನಿಯ ಹೊಣೆ ಒಂದು ಸಹಿಯಿಂದ ಇನ್ನೊಂದು ಸಹಿಯವರೆಗೆ. ಕಳಿಸುವವರು ಸಹಿ ಹಾಕಿ ಮಗುವನ್ನು ಒಪ್ಪಿಸಿದಲ್ಲಿಂದ, ಕರೆದುಕೊಳ್ಳುವವರು ಸಹಿ ಹಾಕಿ ಕೈಹಿಡಿಯುವವರೆಗೆ ಮಗುವನ್ನು ಸುರಕ್ಷಿತವಾಗಿ ಸಾಗಿಸುವುದು ಅವರ ಕೆಲಸ. ಆದರೆ ಅದು ಸಾಗಿಸುವ ಹೊಣೆ, ತಾಯಿಯ ಮಡಿಲಲ್ಲ. ಈ ವ್ಯತ್ಯಾಸ ತಿಳಿದು ಕಳಿಸಿದರೆ ಹೆದರುವುದು ಬೇಡ. ತಿಳಿಯದೆ ಕಳಿಸಿದರೆ ಮಾತ್ರ ಕಷ್ಟ.

ವಯಸ್ಸಿನ ಲೆಕ್ಕ

ಒಬ್ಬನೇ ಪ್ರಯಾಣ ಮಾಡುವ ಮಗುವನ್ನು ವಿಮಾನದವರು "ಅನ್‌ಅಕಂಪನೀಡ್ ಮೈನರ್" ಎನ್ನುತ್ತಾರೆ. ಚುಟುಕಾಗಿ "ಯು.ಎಂ." ನಮ್ಮ ದೇಶದ ಕಂಪೆನಿಗಳಲ್ಲಿ ಸಾಮಾನ್ಯವಾಗಿ 5 ವರ್ಷ ತುಂಬದ ಮಗುವನ್ನು ಒಂಟಿಯಾಗಿ ಹತ್ತಿಸುವುದೇ ಇಲ್ಲ. 5 ತುಂಬಿ 12 ತುಂಬದ ಮಗುವಿಗೆ ಈ ಸೇವೆ. ಇದಕ್ಕೆ ಟಿಕೆಟ್ಟಿನ ಹಣವಲ್ಲದೆ ಬೇರೆ ಶುಲ್ಕವಿರುತ್ತದೆ. ಎಲ್ಲಾ ವಿಮಾನಗಳಲ್ಲೂ ಸೇವೆ ಇರುವುದಿಲ್ಲ. ಒಂದು ವಿಮಾನದಲ್ಲಿ ಇಂತಿಷ್ಟೇ ಒಂಟಿ ಮಕ್ಕಳು ಎಂಬ ಮಿತಿಯೂ ಇರುತ್ತದೆ. ಕಂಪೆನಿಯಿಂದ ಕಂಪೆನಿಗೆ ನಿಯಮ ಬೇರೆ, ಆಗಾಗ ಬದಲಾಗುವುದೂ ಉಂಟು. ಆದ್ದರಿಂದ ಮೊದಲು ಕಂಪೆನಿಗೆ ಫೋನು ಮಾಡಿ ಕೇಳಿ, ಆಮೇಲೆ ಟಿಕೆಟ್ ತೆಗೆಸಿ. ಕಡಿಮೆ ದರ ಸಿಕ್ಕಿತೆಂದು ಮೊದಲು ಟಿಕೆಟ್ ಕೊಂಡು, ನಿಲ್ದಾಣದಲ್ಲಿ "ಈ ಮಗುವನ್ನು ಒಬ್ಬನೇ ಕಳಿಸುವ ಹಾಗಿಲ್ಲ" ಎನ್ನಿಸಿಕೊಂಡು ಹಿಂದಿರುಗುವುದು ಯಾರಿಗೂ ಬೇಡ.

ಇಲ್ಲಿ ಇನ್ನೊಂದು ಮಾತು. 12 ತುಂಬಿದ ಮೇಲೆ ಹೆಚ್ಚಿನ ಕಂಪೆನಿಗಳ ಲೆಕ್ಕದಲ್ಲಿ ಮಗು ದೊಡ್ಡವರ ಹಾಗೆಯೇ ಪ್ರಯಾಣಿಕ. ಹದಿಮೂರರ ಹುಡುಗಿಯ ಮೇಲೆ ಯಾರಾದರೂ ಕಣ್ಣಿಟ್ಟಿರುತ್ತಾರೆ ಎಂದು ಭಾವಿಸಬೇಡಿ. ಕೇಳಿ, ಶುಲ್ಕ ಕಟ್ಟಿದರೆ ಕೆಲವು ಕಂಪೆನಿಗಳು ಆ ವಯಸ್ಸಿನವರಿಗೂ ಸೇವೆ ಕೊಡುತ್ತವೆ. ಕೇಳದಿದ್ದರೆ ಇಲ್ಲ.

"ನಮ್ಮ ಪಕ್ಕದ ಮನೆಯವರು ಅದೇ ವಿಮಾನದಲ್ಲಿ ಬರ್ತಿದ್ದಾರೆ, ಅವರ ಜೊತೆ ಕಳಿಸ್ತೇವೆ" ಎನ್ನುವುದು ಕರಾವಳಿಯ ಮನೆಗಳಲ್ಲಿ ಬಹಳ. ಒಳ್ಳೆಯದೇ. ಆದರೆ ಆಗ ಮಗು ಯು.ಎಂ. ಅಲ್ಲ. ಕಂಪೆನಿಯ ಕಣ್ಣಿಗೆ ಆ ಪಕ್ಕದ ಮನೆಯವರೇ ಪೋಷಕರು, ಹೊಣೆ ಅವರದು. ಹಾಗೆ ಕಳಿಸುವುದಾದರೆ ಇಬ್ಬರ ಟಿಕೆಟ್ಟನ್ನೂ ಒಟ್ಟಿಗೇ ಮಾಡಿಸಿ. ಪೋಷಕರೊಂದಿಗೆ ಒಂದೇ ಟಿಕೆಟ್ ಸಂಖ್ಯೆಯಲ್ಲಿ ಪ್ರಯಾಣ ಮಾಡುವ 12 ವರ್ಷದವರೆಗಿನ ಮಕ್ಕಳಿಗೆ ಅವರ ಪಕ್ಕದಲ್ಲೇ ಸೀಟು ಕೊಡಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಕಂಪೆನಿಗಳಿಗೆ ತಿಳಿಸಿದೆ. ತಂದೆತಾಯಿ ಸಹಿ ಹಾಕಿದ ಒಪ್ಪಿಗೆಯ ಕಾಗದ, ಅವರ ಗುರುತಿನ ಚೀಟಿಯ ನಕಲು, ಫೋನ್ ನಂಬರು ಇವನ್ನು ಆ ಹಿರಿಯರ ಕೈಯಲ್ಲಿ ಕೊಟ್ಟಿರಿ.

ನೀವು ಸಹಿ ಹಾಕುವ ಕಾಗದ

ಒಂಟಿ ಮಗುವಿಗೆ ಒಂದು ನಮೂನೆ ತುಂಬಬೇಕು. ಕೌಂಟರಿನಲ್ಲಿ ಗಡಿಬಿಡಿಯಲ್ಲಿ "ಇಲ್ಲಿ ಒಂದು ಸಹಿ, ಇಲ್ಲಿ ಒಂದು ಸಹಿ" ಎಂದು ಹಾಕಿಸಿಕೊಳ್ಳುತ್ತಾರೆ. ಯಾರೂ ಓದುವುದಿಲ್ಲ. ಓದಬೇಕು ಸೋದರಿಯರೇ. ಇಡೀ ಹೊಣೆಯ ಕಥೆ ಇರುವುದು ಅದರಲ್ಲೇ.

ಮಗುವಿನ ಹೆಸರು, ವಯಸ್ಸು, ತಂದು ಬಿಡುವವರ ಹೆಸರು, ವಿಳಾಸ, ಫೋನು, ಇಳಿಯುವಲ್ಲಿ ಕರೆದುಕೊಳ್ಳುವವರ ಹೆಸರು, ವಿಳಾಸ, ಫೋನು ಎಲ್ಲಾ ಅದರಲ್ಲಿರುತ್ತದೆ. ಕೆಳಗೆ ತಂದೆತಾಯಿಯ ಒಪ್ಪಿಗೆ. ವಿಮಾನ ಹಾರುವವರೆಗೆ ನಾವು ನಿಲ್ದಾಣದಲ್ಲೇ ಇರುತ್ತೇವೆ, ಇಳಿಯುವ ಹೊತ್ತಿಗೆ ಹೆಸರು ಕೊಟ್ಟವರು ಅಲ್ಲಿರುತ್ತಾರೆ ಎಂಬುದು ಮೊದಲನೆಯ ಮಾತು. ಯಾರೂ ಬರದಿದ್ದರೆ ಮಗುವಿನ ಸುರಕ್ಷತೆಗೆ ಕಂಪೆನಿ ಏನು ಸರಿಯೆನ್ನಿಸುತ್ತದೋ ಅದನ್ನು ಮಾಡಬಹುದು, ಬೇಕಾದರೆ ಹೊರಟ ಊರಿಗೇ ಹಿಂದಕ್ಕೆ ಕಳಿಸಬಹುದು, ಅದರ ಖರ್ಚನ್ನು ನಾವೇ ತುಂಬಿಕೊಡುತ್ತೇವೆ ಎಂಬುದು ಎರಡನೆಯದು. ಅನೇಕ ಕಂಪೆನಿಗಳ ನಿಬಂಧನೆಯಲ್ಲಿ ಇನ್ನೂ ಒಂದು ಸಾಲು ಇರುತ್ತದೆ: ದೊಡ್ಡ ಪ್ರಯಾಣಿಕರ ವಿಷಯದಲ್ಲಿರುವುದಕ್ಕಿಂತ ಹೆಚ್ಚಿನ ಪೋಷಕತ್ವದ ಹೊಣೆಯನ್ನು ಕಂಪೆನಿ ಹೊರುವುದಿಲ್ಲ ಅಂತ.

ಅರ್ಥವಾಯಿತಲ್ಲ? "ಎಲ್ಲಾ ನೋಡ್ಕೋತಾರೆ" ಎಂಬ ಮಾತು ಆ ಕಾಗದದಲ್ಲಿ ಎಲ್ಲೂ ಇಲ್ಲ. ಗಗನಸಖಿ ಮಗುವನ್ನು ಸೀಟಿನಲ್ಲಿ ಕೂರಿಸುತ್ತಾಳೆ, ಬೆಲ್ಟು ಹಾಕಿಸುತ್ತಾಳೆ, ಆಗಾಗ ಬಂದು ನೋಡುತ್ತಾಳೆ. ಪಕ್ಕದಲ್ಲೇ ಕುಳಿತಿರಲು ಅವಳಿಗೆ ಆಗುವುದಿಲ್ಲ, ನೂರಾರು ಜನರನ್ನು ನೋಡಬೇಕು. ಹೊತ್ತುಹೊತ್ತಿಗೆ ಔಷಧಿ ಕುಡಿಸುವುದನ್ನೂ ಸಾಮಾನ್ಯವಾಗಿ ವಿಮಾನದವರು ಒಪ್ಪಿಕೊಳ್ಳುವುದಿಲ್ಲ. ಉಬ್ಬಸ, ಮೂರ್ಛೆ ಇತ್ಯಾದಿ ತೊಂದರೆಯಿರುವ ಮಗುವನ್ನು ಒಂಟಿಯಾಗಿ ಕಳಿಸುವ ಮುಂಚೆ ನಿಮ್ಮ ವೈದ್ಯರನ್ನೂ ಕಂಪೆನಿಯನ್ನೂ ಇಬ್ಬರನ್ನೂ ಕೇಳಿ.

ಹೆಸರಿನ ವಿಷಯ ಸಣ್ಣದೆಂದು ತಿಳಿಯಬೇಡಿ. ನಮ್ಮ ಹೆಂಗಸರಿಗೆ ಮನೆಯಲ್ಲಿ ಕರೆಯುವ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು, ಆಧಾರ್ ಚೀಟಿಯಲ್ಲಿ ಮೂರನೆಯದು! ಅಳಿಯ ಅಲ್ಲಿ ನಮೂನೆಯಲ್ಲಿ ಬರೆಯುವ ಹೆಸರು ನೀವು ಇಲ್ಲಿ ತೋರಿಸುವ ಚೀಟಿಯ ಹೆಸರಿಗೆ ಅಕ್ಷರ ಅಕ್ಷರವೂ ಹೊಂದಬೇಕು. ಚೀಟಿಯ ಫೋಟೋ ತೆಗೆದು ಮೊದಲೇ ಕಳಿಸಿಬಿಡಿ. ಸಾಧ್ಯವಿದ್ದರೆ ಎರಡು ಹೆಸರು ಬರೆಯಿಸಿ, ಅಜ್ಜಿಯದೊಂದು, ಮಾವನದೊಂದು. ದಾರಿಯಲ್ಲಿ ಕಾರು ಕೆಟ್ಟರೆ, ಅಜ್ಜಿಗೆ ಜ್ವರ ಬಂದರೆ ಇನ್ನೊಬ್ಬರಿರುತ್ತಾರೆ.

ಗಂಡ ಹೆಂಡತಿ ಬೇರೆಯಾಗಿರುವ ಮನೆಗಳಲ್ಲಿ ಈ ಹೆಸರಿಗೆ ಇನ್ನೂ ಹೆಚ್ಚಿನ ತೂಕ. ಕಂಪೆನಿ ನಿಮ್ಮ ಮನೆಯ ವ್ಯಾಜ್ಯ ತೀರ್ಮಾನಿಸುವುದಿಲ್ಲ. ಕಾಗದದಲ್ಲಿ ಹೆಸರಿದ್ದು, ಗುರುತು ಸರಿಹೋದವರ ಕೈಗೆ ಮಗುವನ್ನು ಒಪ್ಪಿಸುತ್ತದೆ, ಅಷ್ಟೇ. ಮಗು ಯಾರ ಬಳಿ ಇರಬೇಕೆಂಬ ಬಗ್ಗೆ ನ್ಯಾಯಾಲಯದ ಆದೇಶವಿದ್ದರೆ ಅದಕ್ಕೆ ವಿರೋಧವಾಗದಂತೆ ಮೊದಲೇ ವಕೀಲರ ಸಲಹೆ ಪಡೆದು ಹೆಸರು ಬರೆಯಿಸಿ.

ಎಡವಟ್ಟು ಎಲ್ಲಿ ಆಗುತ್ತದೆ?

ಇನ್ನು ಆ ತಾಯಿಯ ಎದೆಬಡಿತದ ವಿಷಯಕ್ಕೆ ಬರೋಣ. ಒಂಟಿ ಮಕ್ಕಳು ಬಹಳ ಓಡಾಡುವ ಅಮೆರಿಕದಲ್ಲಿ ಸುದ್ದಿಯಾದ ಕೆಲವು ಪ್ರಕರಣಗಳನ್ನು ಹೇಳುತ್ತೇನೆ. ಹೆದರಿಸುವುದಕ್ಕಲ್ಲ, ಎಲ್ಲಿ ಜಾಗ್ರತೆ ಬೇಕೆಂದು ತಿಳಿಯುವುದಕ್ಕೆ.

2009ರ ಜೂನ್‌ನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಕಾಂಟಿನೆಂಟಲ್ ಏರ್‌ಲೈನ್ಸ್‌ನಲ್ಲಿ ಹೊರಟ ಇಬ್ಬರು ಹುಡುಗಿಯರು ಬೇರೆ ಬೇರೆ ಊರಿಗೆ ಹೋಗಿಬಿಟ್ಟರು. ಹತ್ತು ವರ್ಷದವಳು ಬಾಸ್ಟನ್ನಿನಿಂದ ಕ್ಲೀವ್‌ಲೆಂಡಿಗೆ ಹೊರಟವಳು ನ್ಯೂಅರ್ಕಿನಲ್ಲಿ ಇಳಿದಳು. ಎಂಟು ವರ್ಷದವಳು ಷಾರ್ಲೆಟ್ಟಿಗೆ ಹೊರಟವಳು ಅರ್ಕಾನ್ಸಾಸ್ ರಾಜ್ಯದ ಫೇಯೆಟ್‌ವಿಲ್ಲಿನಲ್ಲಿ. ಒಂದೇ ಬಾಗಿಲಿನಿಂದ ಎರಡು ವಿಮಾನಗಳಿಗೆ ಜನರನ್ನು ಬಿಡುತ್ತಿದ್ದರು, ಅಲ್ಲಿ ತಪ್ಪಿತು.

2012ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟ ಹತ್ತು ವರ್ಷದ ಹುಡುಗಿ ಷಿಕಾಗೋದಲ್ಲಿ ಇಳಿದು ಬೇರೆ ವಿಮಾನ ಹಿಡಿಯಬೇಕಿತ್ತು. ಅಲ್ಲಿ ಅವಳನ್ನು ಕರೆದುಕೊಂಡು ಹೋಗುವ ಕೆಲಸವನ್ನು ಕಂಪೆನಿ ಹೊರಗಿನವರಿಗೆ ಗುತ್ತಿಗೆ ಕೊಟ್ಟಿತ್ತು. ಗುತ್ತಿಗೆಯವರು ಬರಲೇ ಇಲ್ಲ. ಎರಡನೆಯ ವಿಮಾನ ತಪ್ಪಿಹೋಯಿತು.

2016ರ ಆಗಸ್ಟಿನಲ್ಲಿ ಜೆಟ್‌ಬ್ಲೂ ಕಂಪೆನಿಯವರು ಡೊಮಿನಿಕನ್ ಗಣರಾಜ್ಯದಿಂದ ಬಂದ ಐದು ವರ್ಷದ ಹುಡುಗನನ್ನು ನ್ಯೂಯಾರ್ಕಿನಲ್ಲಿ ಕಾದಿದ್ದ ತಾಯಿಗೆ ತಂದೊಪ್ಪಿಸಿದರು. ಅದು ಅವಳ ಮಗನೇ ಅಲ್ಲ! ಆ ಮಗುವಿನ ಕೈಯಲ್ಲಿದ್ದುದು ಮಾತ್ರ ಅವಳ ಮಗನ ಪಾಸ್‌ಪೋರ್ಟು. ಅವಳ ಮಗ ಅಷ್ಟು ಹೊತ್ತಿಗೆ ಬಾಸ್ಟನ್ನಿಗೆ ಹೋಗಿದ್ದ. ಕಾಗದ ಸರಿಯಾದ ಊರಿಗೆ ಬಂತು, ಮಗು ಬರಲಿಲ್ಲ.

2023ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜಕ್ಕೆ ಅಜ್ಜಿಯ ಮನೆಗೆ ಹೊರಟ ಆರು ವರ್ಷದ ಹುಡುಗನನ್ನು ಸ್ಪಿರಿಟ್ ಏರ್‌ಲೈನ್ಸ್ ಫಿಲಡೆಲ್ಫಿಯಾದಲ್ಲಿ ಬೇರೆ ವಿಮಾನ ಹತ್ತಿಸಿತು. ಅಜ್ಜಿ ಫೋರ್ಟ್ ಮಯರ್ಸ್‌ನಲ್ಲಿ ಕಾಯುತ್ತಿದ್ದಾಳೆ, ಮೊಮ್ಮಗ ಒರ್ಲಾಂಡೋದಲ್ಲಿ ಇಳಿದಿದ್ದಾನೆ.

ಈ ಮಕ್ಕಳೆಲ್ಲರೂ ಕಡೆಗೆ ಸುರಕ್ಷಿತವಾಗಿ ಮನೆಯವರ ಕೈ ಸೇರಿದರು. ಆದರೆ ಒಂದು ವಿಷಯ ಗಮನಿಸಿ. ಯಾವ ಪ್ರಕರಣದಲ್ಲೂ ಆಕಾಶದಲ್ಲಿ ತಪ್ಪಲಿಲ್ಲ. ತಪ್ಪಿದ್ದು ನೆಲದ ಮೇಲೆ, ಒಂದು ಕೈಯಿಂದ ಇನ್ನೊಂದು ಕೈಗೆ ಮಗುವನ್ನು ದಾಟಿಸುವಾಗ. ಬಿಸಿ ಪಾತ್ರೆ ಕೈಜಾರುವುದು ಒಬ್ಬರಿಂದ ಇನ್ನೊಬ್ಬರಿಗೆ ಕೊಡುವಾಗಲೇ ಅಲ್ಲವೇ? ಎಷ್ಟು ಕಡಿಮೆ ಕೈ ಬದಲಾಗುತ್ತದೋ ಅಷ್ಟು ಕ್ಷೇಮ. ಅದಕ್ಕೇ ನಾನು ಹೇಳುವುದು, ನಡುವೆ ಇಳಿದು ಹತ್ತುವ ಪ್ರಯಾಣ ಒಂಟಿ ಮಗುವಿಗೆ ಬೇಡವೇ ಬೇಡ. ದರ ಹೆಚ್ಚಾದರೂ ನೇರ ವಿಮಾನವೇ ಆಗಲಿ. ಬಹಳ ಕಂಪೆನಿಗಳು ತಾವಾಗಿಯೇ ಹೀಗೆ ಕಟ್ಟುನಿಟ್ಟು ಮಾಡಿವೆ.

ಕಾನೂನು ಏನು ಕೊಡುತ್ತದೆ?

"ಏನಾದರೂ ಆದರೆ ಕೇಸು ಹಾಕ್ತೇವೆ" ಎನ್ನುವವರಿಗೆ ಕಾನೂನು ಎಷ್ಟು ದೂರ ಬರುತ್ತದೆ ಎಂಬುದು ತಿಳಿದಿರಬೇಕು. ದೇಶದಿಂದ ದೇಶಕ್ಕೆ ಹಾರುವ ವಿಮಾನಗಳಿಗೆ 1999ರ ಮಾಂಟ್ರಿಯಲ್ ಒಡಂಬಡಿಕೆ ಎಂಬುದಿದೆ. ಭಾರತ ಇದಕ್ಕೆ 2009ರಲ್ಲಿ ಸೇರಿ, ನಮ್ಮ 1972ರ ವಿಮಾನ ಸಾಗಣೆ ಕಾಯಿದೆಯಲ್ಲಿ ಅಳವಡಿಸಿಕೊಂಡಿತು. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನವೂ ಇದರಲ್ಲಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಜಾರಿ 158 ಜನ ತೀರಿಕೊಂಡ ಆ ಕರಾಳ ದಿನದ ನಂತರ ಕರಾವಳಿಯ ಅನೇಕ ಕುಟುಂಬಗಳು ಈ ಒಡಂಬಡಿಕೆಯ ಹೆಸರು ಕೇಳಿದವು.

ವಿಮಾನದೊಳಗೆ, ಅಥವಾ ಹತ್ತುವಾಗ ಇಳಿಯುವಾಗ, ಅಪಘಾತವಾಗಿ ಪ್ರಯಾಣಿಕರಿಗೆ ಸಾವು ಅಥವಾ ದೇಹಕ್ಕೆ ಗಾಯವಾದರೆ ಕಂಪೆನಿ ಪರಿಹಾರ ಕೊಡಬೇಕು ಎನ್ನುತ್ತದೆ ಈ ಒಡಂಬಡಿಕೆ. ಒಂದು ಮಿತಿಯವರೆಗೆ "ನಮ್ಮ ತಪ್ಪಿಲ್ಲ" ಎಂದು ಕಂಪೆನಿ ಜಾರಿಕೊಳ್ಳುವ ಹಾಗಿಲ್ಲ. ಒಡಂಬಡಿಕೆಯಲ್ಲಿ ಈ ಮಿತಿ 2024ರ ಡಿಸೆಂಬರ್ 28ರಿಂದ 1,51,880 ಎಸ್.ಡಿ.ಆರ್. ಎಂದಾಗಿದೆ. ಎಸ್.ಡಿ.ಆರ್. ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಈ ಮೊತ್ತ ಸುಮಾರು ಎರಡು ಲಕ್ಷ ಅಮೆರಿಕನ್ ಡಾಲರುಗಳಷ್ಟು. ಅದರ ಮೇಲಿನದಕ್ಕೆ ತನ್ನ ಅಜಾಗರೂಕತೆ ಇರಲಿಲ್ಲವೆಂದು ಕಂಪೆನಿ ತೋರಿಸಿಕೊಟ್ಟರೆ ಪಾರಾಗಬಹುದು. ಈ ಲೆಕ್ಕದಲ್ಲಿ ಮಕ್ಕಳು ದೊಡ್ಡವರು ಎಂಬ ಭೇದವಿಲ್ಲ.

ಅಪಘಾತವೆಂದರೆ ವಿಮಾನ ಬೀಳುವುದೇ ಆಗಬೇಕಿಲ್ಲ. ಸ್ಪೇನಿನ ಮಯೋರ್ಕಾದಿಂದ ವಿಯೆನ್ನಾಕ್ಕೆ ಹೋಗುತ್ತಿದ್ದ ಆರು ವರ್ಷದ ಹುಡುಗಿಯ ಮೇಲೆ, ಪಕ್ಕದಲ್ಲಿದ್ದ ತಂದೆಯ ಮಡಿಸುವ ಹಲಗೆಯ ಮೇಲಿಟ್ಟ ಬಿಸಿ ಕಾಫಿ ಉರುಳಿ ಸುಟ್ಟುಹೋಯಿತು. ಇದು ಹಾರಾಟದಿಂದಾದ ಅಪಾಯವಲ್ಲ ಎಂದು ಕಂಪೆನಿಯ ಕಡೆಯವರು ವಾದಿಸಿದರು. ಯೂರೋಪಿನ ನ್ಯಾಯಾಲಯ 2019ರ ಡಿಸೆಂಬರ್ 19ರಂದು ಇದೂ ಒಡಂಬಡಿಕೆಯ ಅರ್ಥದಲ್ಲಿ ಅಪಘಾತವೇ ಎಂದಿತು.

ಆದರೆ ಮಗುವನ್ನು ಬೇರೆ ಊರಿಗೆ ಒಯ್ದು, ಅದು ಮೂರು ಗಂಟೆ ಅತ್ತು, ಅಜ್ಜಿಯ ಜೀವ ಬಾಯಿಗೆ ಬಂದರೆ? ದೇಹಕ್ಕೆ ಗಾಯವಿಲ್ಲದ, ಬರೀ ಮನಸ್ಸಿನ ನೋವಿಗೆ ಈ ಒಡಂಬಡಿಕೆಯಲ್ಲಿ ಸಾಮಾನ್ಯವಾಗಿ ಪರಿಹಾರವಿಲ್ಲ. ತಡವಾದುದರಿಂದಾದ ನಷ್ಟಕ್ಕೆ ಮಿತಿಯೊಳಗೆ ಹಣ ಕೇಳಬಹುದು. ಅದೂ ತಾನು ಮಾಡಬಹುದಾದುದನ್ನೆಲ್ಲಾ ಮಾಡಿದ್ದೆನೆಂದು ಕಂಪೆನಿ ತೋರಿಸಿದರೆ ಇಲ್ಲ. ದೇಶದೊಳಗಿನ ಪ್ರಯಾಣದಲ್ಲಿ, ಶುಲ್ಕ ತೆಗೆದುಕೊಂಡು ಸೇವೆಯಲ್ಲಿ ಲೋಪ ಮಾಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಇದೆ. ಎರಡು ಕಡೆಯೂ ಅವಧಿ ಎರಡು ವರ್ಷ. ಮೊದಲು ಕಂಪೆನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಸರಕಾರದ ಏರ್‌ಸೇವಾ ವ್ಯವಸ್ಥೆಯಲ್ಲೂ ದೂರು ದಾಖಲಿಸಬಹುದು, ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನು ಮಾಡಬಹುದು. ಇದಕ್ಕೆಲ್ಲ ಆಧಾರ ಬೇಕು. ತುಂಬಿದ ನಮೂನೆಯ ಪ್ರತಿ, ಶುಲ್ಕದ ರಸೀತಿ, ಬೋರ್ಡಿಂಗ್ ಪಾಸು ಇವನ್ನು ಮಗು ಮನೆ ಸೇರಿದ ಕೂಡಲೇ ಹರಿದೆಸೆಯಬೇಡಿ. ಸಹಿ ಹಾಕಿದ ಹಾಳೆಯ ಫೋಟೋ ಎರಡೂ ಮನೆಗಳಲ್ಲಿ ಇರಲಿ.

ನೋಡಿ, ಕಾನೂನು ಬರುವುದು ಆದ ಮೇಲೆ. ಆಗದಂತೆ ನೋಡಿಕೊಳ್ಳುವುದು ಎರಡು ತುದಿಯಲ್ಲಿ ನಿಂತ ನಮ್ಮ ಕೈಯಲ್ಲಿದೆ.

ಮಳೆಗಾಲದ ಮಾತು

ಕೊಲ್ಲಿ ದೇಶಗಳ ಶಾಲೆಗೆ ರಜ ಬರುವುದು ಜುಲೈ, ಆಗಸ್ಟಿನಲ್ಲಿ. ಆಗ ನಮ್ಮಲ್ಲಿ ಜಡಿಮಳೆ. ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. ಮೋಡ ಮುಸುಕಿದರೆ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ತಿರುಗಿಸುವುದುಂಟು. ಹಾಗೆ ಆದಾಗ ಒಂಟಿ ಮಗು ಕಂಪೆನಿಯ ಕೈಯಲ್ಲೇ ಇರುತ್ತದೆ, ಏಕೆಂದರೆ ಎರಡನೆಯ ಸಹಿ ಇನ್ನೂ ಬಿದ್ದಿಲ್ಲ. ಆದರೆ ಮಗುವಿಗೆ ಇದೆಲ್ಲಾ ತಿಳಿಯಬೇಕಲ್ಲ? "ಮಳೆ ಜೋರಿದ್ರೆ ವಿಮಾನ ಬೇರೆ ಊರಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು ಪುಟ್ಟ, ಯೂನಿಫಾರಂ ಹಾಕಿದ ಆಂಟಿ ಜೊತೆಗೇ ಇರು, ಅಜ್ಜಿ ಕಾಯ್ತಾ ಇರ್ತಾರೆ" ಎಂದು ಮೊದಲೇ ಹೇಳಿಟ್ಟಿರಬೇಕು.

ರಾತ್ರಿಯ ಕಡೆಯ ವಿಮಾನ ಬೇಡ. ಅದು ರದ್ದಾದರೆ ಮಗು ರಾತ್ರಿ ಕಳೆಯುವುದೆಲ್ಲಿ ಎಂಬ ಚಿಂತೆ. ಹಗಲಿನ ವಿಮಾನ ಸಿಕ್ಕಿದರೆ ಅದನ್ನೇ ಆರಿಸಿ. ಬೆಂಗಳೂರಿನಲ್ಲಿ ನಂಟರಿದ್ದರೆ ಆ ದಿನ ಫೋನು ಹತ್ತಿರ ಇಟ್ಟುಕೊಂಡಿರಲು ಹೇಳಿ. ಕಳಿಸುವವರು ಮಗು ಒಳಗೆ ಹೋದ ಕೂಡಲೇ ಮನೆಗೆ ಹೊರಡಬಾರದು, ಚಕ್ರ ನೆಲ ಬಿಟ್ಟಿತೆಂದು ತಿಳಿದ ಮೇಲೆ ಹೊರಡಬೇಕು. ವಿಮಾನ ತಡವಾದರೆ ಮಗುವನ್ನು ನಿಮ್ಮ ಕೈಗೇ ಹಿಂದಕ್ಕೆ ಕೊಡಬಹುದು.

ಕರೆದುಕೊಳ್ಳುವವರು ಗಂಟೆ ಮುಂಚೆಯೇ ತಲಪಿರಿ. ಕುಂದಾಪುರದಿಂದಾದರೆ ಮಳೆಯಲ್ಲಿ ಎರಡು ಗಂಟೆಗೂ ಮೀರಿದ ದಾರಿ. ನಮ್ಮ ದೇಶದ ನಿಲ್ದಾಣಗಳಲ್ಲಿ ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಮಗುವನ್ನು ಎಲ್ಲಿ ಒಪ್ಪಿಸುತ್ತಾರೆ, ಒಳಗೆ ಬರಲು ಪಾಸು ಕೊಡುತ್ತಾರೋ ಎಂದು ಹಿಂದಿನ ದಿನವೇ ಕಂಪೆನಿಯನ್ನು ಕೇಳಿಟ್ಟುಕೊಳ್ಳಿ. ಗುರುತಿನ ಚೀಟಿ ಅಸಲು ಇರಲಿ. ಫೋನಿಗೆ ಪೂರ್ತಿ ಚಾರ್ಜು ಮಾಡಿಕೊಳ್ಳಿ.

ಮಗುವಿಗೆ ಕಲಿಸುವುದು

ತನ್ನ ಪೂರ್ತಿ ಹೆಸರು, ತಂದೆತಾಯಿಯ ಹೆಸರು, ಹೋಗುವ ಊರು, ಎರಡು ಫೋನ್ ನಂಬರು ಇವು ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ವಿಮಾನ ಹತ್ತುವಾಗ "ಇದು ಮಂಗಳೂರಿಗೆ ಹೋಗುವುದಾ?" ಎಂದು ಮಗುವೇ ಕೇಳುವಂತೆ ಕಲಿಸಿ. ಸೀಟಿನಲ್ಲಿ ಕುಳಿತ ಮೇಲೂ ಗಗನಸಖಿಯನ್ನು ಇನ್ನೊಮ್ಮೆ ಕೇಳಲಿ. ಮೇಲೆ ಹೇಳಿದ ಮಕ್ಕಳ ಕಥೆಯಲ್ಲಿ ಈ ಒಂದು ಪ್ರಶ್ನೆ ಎಷ್ಟೋ ಗಾಬರಿ ಉಳಿಸುತ್ತಿತ್ತು.

ಕುತ್ತಿಗೆಗೆ ಕಂಪೆನಿಯವರು ಒಂದು ಚೀಲ ಹಾಕುತ್ತಾರೆ, ಪಾಸ್‌ಪೋರ್ಟು ಮತ್ತು ನಮೂನೆ ಅದರಲ್ಲಿ. ಅದನ್ನು ತೆಗೆಯಬಾರದು, ಇನ್ನೊಬ್ಬ ಮಗುವಿಗೆ ಆಟಕ್ಕೂ ಕೊಡಬಾರದು ಎಂದು ಹೇಳಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ನಾಯಿಮರಿಯ ಹೆಸರಾದರೂ ಆಗಬಹುದು. ಬಂದವರು ಅದನ್ನು ಹೇಳದಿದ್ದರೆ ಅವರ ಜೊತೆ ಹೊರಡಬಾರದು.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. 2016ರಲ್ಲಿ ಅಮೆರಿಕದಲ್ಲಿ ಒಂಟಿಯಾಗಿ ಹೊರಟ ಹದಿಮೂರು ವರ್ಷದ ಹುಡುಗಿಗೆ ವಿಮಾನದಲ್ಲೇ ಪಕ್ಕದಲ್ಲಿ ಕುಳಿತವನು ಕಿರುಕುಳ ಕೊಟ್ಟ. ಹುಡುಗನಾಗಲಿ ಹುಡುಗಿಯಾಗಲಿ, ಯಾರಾದರೂ ಮುಟ್ಟಬಾರದಲ್ಲಿ ಮುಟ್ಟಿದರೆ, ಮೈಗೆ ಮೈ ತಾಗಿಸಿದರೆ, ತಲೆಯ ಮೇಲಿನ ಕರೆಗುಂಡಿ ಒತ್ತಿ ಜೋರಾಗಿ "ನನಗೆ ಬೇರೆ ಸೀಟು ಬೇಕು" ಎನ್ನಬೇಕು. ದೊಡ್ಡವರಿಗೆ ಎದುರು ಹೇಳಬಾರದು ಎಂಬ ನಮ್ಮ ಮನೆಯ ಪಾಠಕ್ಕೆ ಅಲ್ಲಿ ಜಾಗವಿಲ್ಲವೆಂದು ನೀವೇ ಬಿಡಿಸಿ ಹೇಳಿ. ಗಗನಸಖಿಯರ ಕಣ್ಣಿಗೆ ಬೀಳುವಂಥ ಸೀಟನ್ನು ಟಿಕೆಟ್ ಮಾಡಿಸುವಾಗಲೇ ಕೇಳಿ ಪಡೆಯಿರಿ.

ಚೀಲದಲ್ಲಿ ಏನಿರಲಿ?

ಒಂದು ಜೊತೆ ಬಟ್ಟೆ, ತೆಳ್ಳನೆಯ ಸ್ವೆಟರು (ವಿಮಾನದೊಳಗೆ ಚಳಿ), ಚಿತ್ರದ ಪುಸ್ತಕ, ಮಗುವೇ ಬಿಚ್ಚಿ ತಿನ್ನಬಹುದಾದ ಒಣ ತಿಂಡಿ. ಕೋಡುಬಳೆ, ಸಕ್ಕರೆ ಹಾಕಿದ ಚಪಾತಿಯ ಸುರುಳಿ ಒಳ್ಳೆಯದು. ಚಟ್ನಿ, ಸಾರು, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ.

ಹಿಂದಿರುಗಿ ಕಳಿಸುವಾಗ ಅಜ್ಜಿಯರಿಗೆ ಕೈ ತಡೆಯುವುದಿಲ್ಲ, ಚೀಲ ತುಂಬುತ್ತಲೇ ಹೋಗುತ್ತದೆ! ಒಣ ಕೊಬ್ಬರಿಯನ್ನು ನಮ್ಮ ವಿಮಾನಗಳಲ್ಲಿ ಬಿಡುವುದಿಲ್ಲ, ಅದು ಬೆಂಕಿ ಹಿಡಿಯುವ ವಸ್ತುಗಳ ಲೆಕ್ಕ. ಗಸಗಸೆಯಂತೂ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ. ಮಸಾಲೆಯ ಪೊಟ್ಟಣದಲ್ಲಾಗಲಿ, ಅಂಟಿನ ಉಂಡೆಯ ಮೇಲೆ ಉದುರಿಸಿದ್ದಾಗಲಿ ಹೋಗಕೂಡದು. ಪಕ್ಕದ ಮನೆಯವರು "ನಮ್ಮ ಮಗನಿಗೊಂದು ಸಣ್ಣ ಪೊಟ್ಟಣ" ಎಂದು ಕೊಟ್ಟರೆ ನಯವಾಗಿ ಬೇಡವೆನ್ನಿ. ಒಳಗೇನಿದೆಯೆಂದು ಅಧಿಕಾರಿ ಕೇಳಿದರೆ ಎಂಟು ವರ್ಷದ ಮಗು ಏನು ಹೇಳೀತು?

ಕೊನೆಯ ಮಾತು

ಕುಂದಾಪುರದ ಸೋದರಿ, ನಿಮ್ಮ ಪ್ರಶ್ನೆಗೆ ನನ್ನ ಸಲಹೆ ಇದು. ಮೊಮ್ಮಗ ಧೈರ್ಯದ ಹುಡುಗನಾದರೆ, ವಿಮಾನ ನೇರವಾದದ್ದಾದರೆ, ಹಗಲಿನದಾದರೆ ಒಪ್ಪಿಕೊಳ್ಳಿ. ಆದರೆ ಅಳಿಯನಿಗೆ ಫೋನು ಮಾಡಿ ಆ ನಮೂನೆಯನ್ನು ಮೊದಲೇ ತರಿಸಿ ಸಾಲು ಸಾಲು ಓದಿ ಹೇಳಲು ಕೇಳಿ. ಅತ್ತೆಯಾಗಿ ಕೇಳಲು ಹಿಂಜರಿಯಬೇಡಿ. ಆ ಕಾಗದದಲ್ಲಿ ಕರೆದುಕೊಳ್ಳುವವರ ಜಾಗದಲ್ಲಿ ಬರುವುದು ನಿಮ್ಮ ಹೆಸರು. ಹುಡುಗ ಅಳುಕುತ್ತಿದ್ದರೆ, ಅಮ್ಮನನ್ನು ಬಿಟ್ಟು ಒಂದು ರಾತ್ರಿಯೂ ಇದ್ದವನಲ್ಲದಿದ್ದರೆ, ಈ ವರ್ಷ ಬೇಡ ಎನ್ನಲು ನಿಮಗೆ ಪೂರ್ತಿ ಹಕ್ಕಿದೆ. ಜೊತೆಗೆ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ, ನಮ್ಮ ದೇಶದಲ್ಲಿ ಎಲ್ಲಿಂದಲಾದರೂ ಕರೆಯಬಹುದು.

ಉಳಿದ ಸೋದರಿಯರೂ ಈ ನಾಲ್ಕು ಸಾಲುಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಬಹುದು: ನೇರ ವಿಮಾನ, ಹಗಲು ವಿಮಾನ. ಚೀಟಿಯಲ್ಲಿರುವ ಹೆಸರೇ ನಮೂನೆಯಲ್ಲಿ. ಹಾರುವವರೆಗೆ ಕಾಯುವುದು, ಇಳಿಯುವ ಮುಂಚೆ ತಲಪುವುದು. ಮಗುವಿನ ಮುಖ ನೋಡಿ, ಹೆಸರು ಕೇಳಿ, ಆಮೇಲೆ ಸಹಿ.

ಆ ಎರಡನೆಯ ಸಹಿ ಬಿದ್ದ ಕ್ಷಣ ಕಂಪೆನಿಯ ಕೆಲಸ ಮುಗಿಯಿತು. ಹಸಿದ ಹೊಟ್ಟೆಗೆ ಬಿಸಿ ಗಂಜಿ, ತುಪ್ಪ ಬಡಿಸುವ ಹೊಣೆ ಮಾತ್ರ ಅಲ್ಲಿಂದ ನಿಮ್ಮದು. ಅದನ್ನು ಯಾರೂ ನಿಮಗೆ ಕಲಿಸಬೇಕಾಗಿಲ್ಲ, ಅಲ್ಲವೇ?